ಜೋಡಿ

ನಸುಕಿನ ಐದು ಗಂಟೆ. ಹನುಮಪ್ಪನ ಗುಡಿಯ ಹಿಂದಿನ ಗರಡಿಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ, ಹಾಲಿನ ಕ್ಯಾನುಗಳ ಸದ್ದೂ ಇಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ಹೊತ್ತಿಗೆ ಹೊಲದ ದಾರಿ ಹಿಡಿದು ಒಂದು ಸುತ್ತು ಹೋಗಿಬರುವುದು ನನಗೆ ರೂಢಿಯಾಗಿದೆ. ಹೋಗುವಾಗಲೋ ಬರುವಾಗಲೋ ಗರಡಿಯ ಗೂಡುಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. ಕಣ್ಣಿಗಿಂತ ಮೊದಲು ಮೂಗಿಗೇ ಗರಡಿ ಸಿಗುತ್ತದೆ. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡಿದ ವಾಸನೆ ಅದು, ತಣ್ಣಗೆ, ಸ್ವಲ್ಪ ಹುಳಿಹುಳಿಯಾಗಿ.

ನಮ್ಮದು ಎರೆ ಸೀಮೆ. ಹತ್ತಿ, ಜೋಳ, ಕಡಲೆ ಬೆಳೆಯುವ ಕರಿನೆಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿದರೆ ಕಿತ್ತರೂ ಬರುವುದಿಲ್ಲ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಕಲ್ಲಾಗುತ್ತದೆ. ಅಂಥ ನೆಲದ ಮೇಲೆ ಹುಡುಗರನ್ನು ಕೆಡವಲಾಗದು. ಅದಕ್ಕೇ ನಮ್ಮೂರಿನವರು ಗರಡಿಗೆ ಬೇಕಾದ ಕೆಂಪು ಮಣ್ಣನ್ನು ಪಡುವಲ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತರಿಸುತ್ತಾರೆ. ಕಲ್ಲು ಹರಳು ಆರಿಸಿ, ಜರಡಿ ಹಿಡಿದು, ತಿಂಗಳಿಗೊಮ್ಮೆಯಾದರೂ ಅಗೆದು ಮಗುಚಿ ಮೆತ್ತಗೆ ಮಾಡುತ್ತಾರೆ. ಇಷ್ಟೆಲ್ಲ ಯಾರಿಗಾಗಿ ಎಂದು ಒಮ್ಮೆ ಯೋಚಿಸಿದೆ. ಗೆಲ್ಲುವವನು ಮೇಲಿರುತ್ತಾನೆ, ಅವನಿಗೆ ಯಾವ ಮಣ್ಣಾದರೂ ನಡೆದೀತು. ಬೆನ್ನು ನೆಲಕ್ಕೆ ಹಚ್ಚುವವನು ಇನ್ನೊಬ್ಬ. ಬೀಳುವವನ ಬೆನ್ನಿಗೆ ನೋವಾಗದಿರಲಿ ಎಂದು ಒಂದು ಊರು ಬೇರೆ ಊರಿನ ಮಣ್ಣು ತರಿಸಿ ಅದಕ್ಕೆ ಮಜ್ಜಿಗೆ ಕುಡಿಸುತ್ತದೆ.

ಇವತ್ತು ಒಳಗೆ ಏಳೆಂಟು ಹುಡುಗರಿದ್ದರು. ಇಬ್ಬರು ಸಣ್ಣವರು ಮಣ್ಣಿಗಿಳಿದರು, ಆರನೆಯದೋ ಏಳನೆಯದೋ ಇಯತ್ತೆಯವರು. ಇಬ್ಬರೂ ಬಗ್ಗಿ ಮಣ್ಣು ಮುಟ್ಟಿ ಹಣೆಗೆ, ಎದೆಗೆ ಹಚ್ಚಿಕೊಂಡರು. ಆಮೇಲೆ ಒಬ್ಬ ಹಿಡಿ ಮಣ್ಣು ತೆಗೆದು ಇನ್ನೊಬ್ಬನ ಹೆಗಲಿಗೆ ತೂರಿದ, ತೋಳಿಗೆ ತಿಕ್ಕಿದ. ಅವನು ಸುಮ್ಮನೆ ಮೈಯೊಡ್ಡಿ ನಿಂತ. ಮತ್ತೆ ಅವನ ಸರದಿ. ಬೆವರಿನ ಮೈ ಕೈಯಿಂದ ಜಾರಬಾರದು ಎಂದು ಹಚ್ಚುವ ಮಣ್ಣು ಇದು. ನನ್ನನ್ನು ಕೆಡವಲು ನಿನಗೆ ಹಿಡಿತ ಸಿಗಲಿ ಎಂದು ಒಬ್ಬ ಹುಡುಗ ತನ್ನ ಮೈಯನ್ನು ಇನ್ನೊಬ್ಬನಿಗೆ ಒಪ್ಪಿಸಿ ನಿಲ್ಲುವ ಆ ಅರ್ಧ ನಿಮಿಷವನ್ನು ನೋಡುವುದಕ್ಕೇ ನಾನು ಅಲ್ಲಿ ನಿಲ್ಲುತ್ತೇನೆ ಎಂದು ಕಾಣುತ್ತದೆ. ಆಮೇಲಿನ ಡಾವು ಪೇಚುಗಳು ನನಗೆ ಅಷ್ಟು ತಿಳಿಯುವುದಿಲ್ಲ.

ಸಣ್ಣವರ ಜೋರು, ಅಂದರೆ ಅಭ್ಯಾಸದ ಕುಸ್ತಿ, ಮುಗಿದ ಮೇಲೆ ದೊಡ್ಡವನೊಬ್ಬ ಇಳಿದ. ಕಾಲೇಜಿಗೆ ಹೋಗುವ ಹುಡುಗ, ಕಿವಿ ಆಗಲೇ ಮುದುಡಿ ಗಂಟಾಗಿದೆ. ಅವನು ಆ ಇಬ್ಬರು ಸಣ್ಣವರಿಗೂ ಸರದಿಯ ಮೇಲೆ ಜೋರು ಕೊಟ್ಟ. ಅವರು ತಲೆಯಿಂದ ದೂಡುತ್ತಾರೆ, ಕಾಲಿಗೆ ಗಂಟು ಬೀಳುತ್ತಾರೆ, ಹಿಂದಿನಿಂದ ಸೊಂಟಕ್ಕೆ ತೆಕ್ಕೆ ಹಾಯುತ್ತಾರೆ. ಅವನು ಮನಸ್ಸು ಮಾಡಿದ್ದರೆ ಒಂದೇ ಕೈಯಲ್ಲಿ ಎತ್ತಿ ಒಗೆಯಬಹುದಿತ್ತು. ಒಗೆಯಲಿಲ್ಲ. ಸಣ್ಣವನ ಬಲ ಎಷ್ಟಿದೆಯೋ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಬಲವನ್ನಷ್ಟೇ ಎದುರಿಗಿಟ್ಟ. ಪಟ್ಟು ಸರಿಯಾಗಿ ಬಿದ್ದಾಗ ತಾನೇ ಉರುಳಿಕೊಂಡ. ತಪ್ಪಾಗಿ ಬಿದ್ದಾಗ ಅಲುಗಲಿಲ್ಲ. ನಮ್ಮ ವಸ್ತಾದರು ಮೂಲೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಮ್ಮೆ ಮಾತ್ರ ಬಾಯಿ ಬಿಟ್ಟರು: "ಅಂವಗ ಕಲೀಲಿಕ್ಕೆ ಬಿಡೋ ತಮ್ಮಾ, ನಿಂದು ನೀ ತೋರಸಬ್ಯಾಡ."

ಬಲವಿದ್ದವನು ಬಲವನ್ನು ಅಳೆದು ಕೊಡುವುದು. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷಗಳ ಮಾಸ್ತರಿಕೆಯೂ ಸಾಲಲಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಕುಸ್ತಿಯ ಎದುರಾಳಿಗೆ ಎದುರಾಳಿ ಎನ್ನುವುದಿಲ್ಲ, ಜೋಡಿ ಎನ್ನುತ್ತಾರೆ. ಯಾರ ಜೋಡಿ ಹಿಡದಿ? ಅಂವಗ ಜೋಡಿ ಸಿಗವಲ್ಲದು. ಅದು ಛಲೋ ಜೋಡಿ ಆತು. ಬೈಲಹೊಂಗಲದಿಂದ ರಾಮದುರ್ಗದ ತನಕ ಇದೇ ಮಾತು. ಇದರಲ್ಲಿ ಇನ್ನೊಂದು ಸೊಗಸಿದೆ. ಈ ಸೀಮೆಯಲ್ಲಿ 'ಜೋಡಿ' ಎಂದರೆ 'ಸಂಗಡ' ಎಂದೂ ಅರ್ಥ. ಅಣ್ಣನ ಜೋಡಿ ಸಂತೆಗೆ ಹೋದೆ, ಅವ್ವನ ಜೋಡಿ ಎಲ್ಲವ್ವನ ಗುಡ್ಡಕ್ಕೆ ಹೋದೆ ಎನ್ನುವ ನಾಲಿಗೆಯೇ ಅವನ ಜೋಡಿ ಕುಸ್ತಿ ಹಿಡಿದೆ ಎನ್ನುತ್ತದೆ. ಸಂಗಡ ಹೋದವನಿಗೂ ಎದುರಿಗೆ ನಿಂತವನಿಗೂ ಒಂದೇ ಮಾತು. ನೊಗಕ್ಕೆ ಕಟ್ಟುವ ಎರಡು ಎತ್ತುಗಳಿಗೂ ಅದೇ ಮಾತು. ಟಿವಿಯವರು ಒಂದು ಪಂದ್ಯ ಬಂತೆಂದರೆ ಬದ್ಧ ವೈರಿಗಳು, ಸೇಡು, ಕದನ ಎಂದು ಕೂಗುತ್ತಾರೆ. ಆ ಮಾತುಗಳನ್ನು ಕೇಳಿಕೊಂಡು ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಈ ಮಾತೂ ಬೀಳಲಿ ಎಂದು ನನಗೆ ತುಂಬ ಆಸೆ. ಜೋಡಿ ಬಾರದಿದ್ದರೆ ಕುಸ್ತಿಯೇ ಇಲ್ಲ. ಎಂಥ ಪೈಲವಾನನಾದರೂ ಒಬ್ಬನೇ ಅಖಾಡದಲ್ಲಿ ತೊಡೆ ತಟ್ಟಿ ಮನೆಗೆ ಹೋಗಬೇಕಾಗುತ್ತದೆ.

ಜಾತ್ರೆ, ಉರುಸು, ಓಕುಳಿ ಎಂದರೆ ನಮ್ಮ ಸೀಮೆಯ ತಾಲೂಕುಗಳಲ್ಲಿ ಕುಸ್ತಿ ಇದ್ದೇ ಇರುತ್ತದೆ. 'ಭಾರೀ ಜಂಗೀ ನಿಕಾಲಿ ಕುಸ್ತಿಗಳು' ಎಂಬ ಹಸ್ತಪತ್ರಿಕೆ ಚಹಾದಂಗಡಿಯ ಕಂಬಕ್ಕೆ ಅಂಟಿರುತ್ತದೆ. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲೂ ಕುಸ್ತಿ ಉಂಟು. ಅಲ್ಲಿಗೆ ಹೆಸರಾಂತ ಪೈಲವಾನರು ಬರುತ್ತಾರೆ, ಜನ ಕಿಕ್ಕಿರಿಯುತ್ತಾರೆ. ನನಗೆ ಇಷ್ಟವಾದದ್ದು ಮಾತ್ರ ಅದಕ್ಕಿಂತ ಮೊದಲು, ಬಿಸಿಲು ಇಳಿಯುವ ಮುಂಚೆ ಹಳ್ಳಿಯ ಜಾತ್ರೆಗಳಲ್ಲಿ ನಡೆಯುವ ಹುಡುಗರ ಕುಸ್ತಿ. ಗೆದ್ದವನಿಗೆ ತೆಂಗಿನಕಾಯಿ ಕೊಡುವುದರಿಂದ ಅದಕ್ಕೆ ಕಾಯಿ ಕುಸ್ತಿ ಎಂದೇ ಹೆಸರು.

ಜೋಡಿ ಹಚ್ಚುವ ಹಿರಿಯರನ್ನು ಅಲ್ಲಿ ನೋಡಬೇಕು. ಪಟಕಾ ಸುತ್ತಿದ ಮೂರು ನಾಲ್ಕು ಮಂದಿ, ಎಲ್ಲರೂ ಒಂದು ಕಾಲಕ್ಕೆ ಮಣ್ಣು ಹಚ್ಚಿಕೊಂಡವರೇ. ಹುಡುಗರನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುತ್ತಾರೆ. ಮಣಿಕಟ್ಟು ಹಿಡಿದು ನೋಡುತ್ತಾರೆ, ಎದೆ ನೋಡುತ್ತಾರೆ. ಎಷ್ಟು ದಿವಸ ಆತು ಗರಡಿಗೆ ಬಿದ್ದು, ಎಂದು ಕೇಳುತ್ತಾರೆ. ಅವನು ತಮ್ಮ ಊರಿನವನೇ ಇರಲಿ, ಅಕ್ಕನ ಮಗನೇ ಇರಲಿ, ತೂಕ ಹೆಚ್ಚಾಯಿತೆಂದರೆ ತಲೆ ಅಲ್ಲಾಡಿಸುತ್ತಾರೆ. "ಈ ಜೋಡಿ ಆಗೂದಿಲ್ಲ, ಬ್ಯಾರೇದಂವನ್ನ ಕರೀರಿ." ಆಟದ ಗುಣ, ಸೋತಾಗ ಹೇಗಿರಬೇಕು, ಗೆದ್ದಾಗ ಹೇಗಿರಬೇಕು ಎಂದೆಲ್ಲ ನಾವು ಮಕ್ಕಳಿಗೆ ಹೇಳುತ್ತೇವೆ. ಅದೆಲ್ಲ ಆಟ ಮುಗಿದ ಮೇಲಿನ ಮಾತಾಯಿತು. ಈ ಹಿರಿಯರು ಆಟಕ್ಕೆ ಮುಂಚೆಯೇ ಅದನ್ನು ಕೂಡಿಸಿಡುತ್ತಾರೆ. ತನಗಿಂತ ಎರಡು ಪಟ್ಟು ಇರುವವನನ್ನು ಎದುರಿಗಿಟ್ಟು ಸೋಲಿಸಿಕೊಂಡ ಹುಡುಗನಿಗೆ ನಗುತ್ತಾ ಕೈ ಕೊಡು ಎಂದು ಯಾವ ಬಾಯಿಂದ ಹೇಳುವುದು?

ಕೆಲವು ವರ್ಷಗಳ ಹಿಂದೆ ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಕಂಡ ಕಾಯಿ ಕುಸ್ತಿಯೊಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ಹನ್ನೊಂದರ ಇಬ್ಬರು. ಒಬ್ಬನ ತಲೆ ನುಣ್ಣಗೆ ಬೋಳಿಸಿತ್ತು, ಜವಳ ತೆಗೆಸಿದ ಕೂಸಿನಂತೆ. ಇನ್ನೊಬ್ಬನ ಕೊರಳಲ್ಲಿ ಕರಿದಾರ. ಹಲಗಿ ಜೋರು ಹಿಡಿದಿತ್ತು. ಬೋಳುತಲೆಯ ಹುಡುಗ ಮೇಲಾಗಿದ್ದ, ಕರಿದಾರದವನ ಒಂದು ಭುಜ ಮಣ್ಣಿಗೆ ಹತ್ತಿಯಾಗಿತ್ತು, ಇನ್ನೊಂದು ಹತ್ತಲು ನಾಲ್ಕು ಬೆರಳು. ಅಷ್ಟರಲ್ಲಿ ಕೆಳಗಿದ್ದವನ ಲಂಗೋಟಿಯ ಗಂಟು ಸಡಿಲಾಯಿತು. ಅವನು ಒಂದು ಕೈಯಿಂದ ಅದನ್ನು ಹಿಡಿದುಕೊಳ್ಳಲು ಹೋದ. ಇನ್ನೇನು, ಆ ಕೈ ತೆಗೆದನೆಂದರೆ ಭುಜ ನೆಲಕ್ಕೆ. ಬೋಳುತಲೆಯವನು ಹಿಡಿತ ಬಿಟ್ಟ. ಎದ್ದ. ಎದ್ದವನು ದೂರ ಸರಿದು ನಿಲ್ಲಲಿಲ್ಲ. ಹೆಣ್ಣುಮಕ್ಕಳು ಕೂತಿದ್ದ ಕಡೆಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ, ತನ್ನ ಜೋಡಿಗೆ ಮರೆಯಾಗಿ ನಿಂತ. ಹಲಗಿ ತಾನಾಗಿ ನಿಂತಿತು. ಪಂಚರೊಬ್ಬರು ಹೋಗಿ ಗಂಟು ಬಿಗಿದರು. ಮತ್ತೆ ಕೈ ಕೊಟ್ಟು ಹಿಡಿದರು. ಎರಡು ನಿಮಿಷದಲ್ಲಿ ಬೋಳುತಲೆಯವನೇ ಬೆನ್ನು ಹಚ್ಚಿದ.

ಕಾಯಿ ಕರಿದಾರದವನಿಗೆ ಹೋಯಿತು. ಕೊಟ್ಟ ಪಂಚರು ಅತ್ತ ಇತ್ತ ನೋಡಿದರು. ಇನ್ನೊಂದು ಕಾಯಿ ಬೇಕಾಗಿತ್ತು ಅವರಿಗೆ, ಸಿಗಲಿಲ್ಲ. ಅಂಗಿಯ ಕಿಸೆಯಿಂದ ಒಂದು ನೋಟು ತೆಗೆದು ಸೋತವನ ಮುಷ್ಟಿಯಲ್ಲಿಟ್ಟು ಅವನ ಬೋಳು ತಲೆಯ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ. ಹುಡುಗ ನೋಟನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಮೂಗಿನೊಳಗೆ ಹೋಗಿದ್ದ ಮಣ್ಣನ್ನು ಸೀತು ಒರೆಸಿಕೊಂಡು ತನ್ನ ಅಂಗಿ ಇಟ್ಟಿದ್ದ ಕಡೆಗೆ ನಡೆದ.

ಅವತ್ತು ನನಗೆ ಅದನ್ನು ನೋಡಿ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಯಾಕೆಂದರೆ ಅಂಥದೇ ಹುಡುಗನೊಬ್ಬ ನನ್ನ ಕೈಯಲ್ಲಿಯೇ ಇದ್ದ, ಮತ್ತು ನಾನು ಅವನ ತಲೆಯ ಮೇಲೆ ಕೈಯಿಡಲಿಲ್ಲ.

ನಾನಾಗ ಹೈಸ್ಕೂಲಿನಲ್ಲಿದ್ದೆ. ದೈಹಿಕ ಶಿಕ್ಷಕರು ರಜೆ ಮೇಲಿದ್ದ ವರ್ಷ ಕಬಡ್ಡಿ ತಂಡವನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ವಲಯ ಮಟ್ಟ ಗೆದ್ದು ತಾಲೂಕು ಮಟ್ಟಕ್ಕೆ ಹೋಗಿದ್ದೆವು. ಅಲ್ಲಿ ಗೆದ್ದರೆ ಜಿಲ್ಲೆ, ಬೆಳಗಾವಿ. ನನ್ನ ಹುಡುಗರಲ್ಲಿ ಅರ್ಧ ಜನ ಬೆಳಗಾವಿಯನ್ನು ನೋಡಿರಲಿಲ್ಲ. ಕೊನೆಯ ಪಂದ್ಯ ಸಮಸಮ ಹೋಗಿ ಕೊನೆಯ ರೈಡಿಗೆ ನಿಂತಿತು. ರೈಡು ಅವರದು. ಬಂದ ಹುಡುಗ ಸಪೂರ, ಚುರುಕು. ನಮ್ಮ ಮೂಲೆಯವನ ಕಡೆಗೆ ಕಾಲು ಚಾಚಿದವನು ಹಾಗೇ ತಿರುಗಿ ನಡುಗೆರೆ ದಾಟಿದ. ದಾಟಿದವನೇ ಬೆರಳು ತೋರಿಸಿ ಕೂಗಿದ, "ತಾಗೇತ್ರಿ, ತಾಗೇತ್ರಿ!" ಇಬ್ಬರು ಅಂಪೈರುಗಳೂ ಕಂಡಿಲ್ಲವೆಂದು ತಲೆ ಅಲ್ಲಾಡಿಸಿದರು. ನಮ್ಮ ಕಡೆಯ ಜನ ಹೋ ಎಂದರು. "ಸುಳ್ಳ! ಸುಳ್ಳ ಹೇಳ್ತಾನ್ರಿ ಅಂವ!" ಆ ಹುಡುಗ ಒಬ್ಬನೇ, ಬೆರಳು ಇನ್ನೂ ಮುಂದಕ್ಕೆ ಚಾಚಿಕೊಂಡು, ಸುತ್ತಲಿನ ಗದ್ದಲದ ನಡುವೆ ನಿಂತಿದ್ದ.

ನಮ್ಮ ಮೂಲೆಯವನು ಕೈ ಎತ್ತಿದ. ಎತ್ತಿ, ಗೆರೆಯ ಹೊರಗೆ ನಡೆದು ಕೂತ.

ಒಂದು ಅಂಕ. ಸೋತೆವು. ಹುಡುಗರು ಅಲ್ಲೇ ಕುಸಿದರು. ನಾನು ಅವನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, "ನಿನ್ನ ಯಾರ ಕೇಳಿದ್ರಲೇ?" ಎಂದೆ. ಅವನು ತಲೆಯೆತ್ತಿ ನೋಡಿದ. ಬೈದದ್ದಕ್ಕೆ ಅಂಜಿದ ಮುಖವಾಗಿರಲಿಲ್ಲ ಅದು. ನಾನು ಕೇಳಿದ್ದು ನಿಜವಾಗಿಯೂ ತಿಳಿಯಲಿಲ್ಲ ಎನ್ನುವ ಹಾಗಿತ್ತು. "ತಾಗಿತ್ರಿ ಸರ್ರ," ಎಂದ. ಅಷ್ಟೇ.

ಟೆಂಪೋದಲ್ಲಿ ಮರಳಿ ಬರುವಾಗ ಯಾರೂ ಅವನ ಜೋಡಿ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮುಂದಿನ ವರ್ಷ ಅವನು ಕಬಡ್ಡಿಗೆ ಹೆಸರು ಕೊಡಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.

ಅವನು ಸತ್ಯ ಹೇಳಿದ ಎಂಬುದಷ್ಟೇ ನನಗೆ ಬಹಳ ವರ್ಷ ಕಾಣುತ್ತಿತ್ತು. ಈಚೆಗೆ ಬೆಳಗಿನ ಈ ಸುತ್ತಾಟದಲ್ಲಿ ಇನ್ನೊಂದು ಕಂಡಿದೆ. ಆ ಸಪೂರ ಹುಡುಗ ಹೇಳುತ್ತಿದ್ದದ್ದು ನಿಜವೆಂದು ಆ ಇಡೀ ಮೈದಾನದಲ್ಲಿ ಗೊತ್ತಿದ್ದವನು ಒಬ್ಬನೇ ಒಬ್ಬ, ನಮ್ಮ ಮೂಲೆಯವನು. ಅವನು ಸುಮ್ಮನಿದ್ದರೆ ನಾವು ಗೆಲ್ಲಬಹುದಿತ್ತು, ಆದರೆ ಆ ಇನ್ನೊಬ್ಬ ಹುಡುಗ ಸುಳ್ಳನೆನಿಸಿಕೊಂಡು ಮನೆಗೆ ಹೋಗುತ್ತಿದ್ದ. ಹದಿಮೂರು ವರ್ಷದ ನನ್ನ ವಿದ್ಯಾರ್ಥಿ ಕೈಯೆತ್ತಿದ್ದು ಹೆಸರೂ ಗೊತ್ತಿರದ ತನ್ನ ಜೋಡಿಯ ಮಾತು ಉಳಿಸಲಿಕ್ಕೆ. ನಾನು ಅವನನ್ನು ಬೈದದ್ದು ಒಂದು ಬೆಳಗಾವಿ ಪ್ರವಾಸಕ್ಕಾಗಿ.

ದೊಡ್ಡವರ ಆಟದಲ್ಲೂ ಇಂಥದು ನಡೆದಿದೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತದ ನಾಯಕರಾಗಿದ್ದರು. ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಅದು. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಎಸೆತದಲ್ಲಿ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಾತ್ರಿಯಿತ್ತು. ಅಂಪೈರ್ ಹತ್ತಿರ ಹೋಗಿ ಹೇಳಿ ಟೇಲರರನ್ನು ವಾಪಸು ಕರೆಸಿದರು. ಟೇಲರ್ 43 ಹೊಡೆದರು, ಇಯಾನ್ ಬಾಥಮ್ ಜೋಡಿ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ವಿಶ್ವನಾಥ್ ಭಾರತಕ್ಕೆ ನಾಯಕರಾದದ್ದು ಎರಡೇ ಟೆಸ್ಟಿನಲ್ಲಿ. ಅದು ಕೊನೆಯದಾಯಿತು.

ಈ ಕತೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಅಂಕಿಗಳ ಸಮೇತ. ಕಬಡ್ಡಿ ಮೈದಾನದಲ್ಲಿ ಅದೇ ನನ್ನ ಕಣ್ಣೆದುರಿಗೆ ಬಂದು ಕೂತಾಗ ಗುರುತು ಹಿಡಿಯಲಿಲ್ಲ.

ಇನ್ನೊಂದು ಪ್ರಸಂಗ ದೂರದ್ದು, ಅಮೆರಿಕದ ಬೇಸ್‌ಬಾಲಿನದು. ನಮ್ಮ ಮಕ್ಕಳು ಆ ಆಟ ನೋಡಿದವರಲ್ಲ. ಆದರೆ ದಾಂಡಿನಿಂದ ಚಿಣಿ ಹಾರಿಸಿ, ಹಿಡಿದರೆ ಔಟು ಎಂದು ಚಿಣಿಫಣಿ ಆಡಿದವರಿಗೆ ಅದು ತೀರ ಪರದೇಶಿಯಾಗಿ ಕಾಣಲಾರದು. ಅಲ್ಲಿ ದಾಂಡಿಗ ಚೆಂಡು ಹೊಡೆದು ಓಡುತ್ತಾನೆ. ಚೆಂಡು ಬಂದು ಮುಟ್ಟುವುದರೊಳಗೆ ಅವನು ಮೊದಲ ನೆಲೆಯನ್ನು ಮುಟ್ಟಬೇಕು. ಒಂದು ತಂಡದ ಇಪ್ಪತ್ತೇಳು ದಾಂಡಿಗರ ಸರದಿಯನ್ನೂ, ಒಬ್ಬನೂ ನೆಲೆ ಮುಟ್ಟದ ಹಾಗೆ, ಸಾಲಾಗಿ ಔಟು ಮಾಡಿಸುವುದು ಚೆಂಡೆಸೆಯುವವನ ಬದುಕಿನಲ್ಲಿ ಸಿಗುವ ದೊಡ್ಡ ಗೌರವ. ಅಲ್ಲಿಯ ದೊಡ್ಡ ಲೀಗಿನಲ್ಲಿ 2010ರ ಜೂನ್ ತನಕದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಆಗಿದ್ದದ್ದು 20 ಸಲ ಮಾತ್ರ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೊ ಗಲರಾಗ ಎಂಬ ವೆನಿಜುವೆಲಾದ ಆಟಗಾರ ಇಪ್ಪತ್ತಾರು ಜನರನ್ನು ಮುಗಿಸಿದ್ದ. ಇಪ್ಪತ್ತೇಳನೆಯವನು ಓಡಿದ. ಚೆಂಡು ಅವನಿಗಿಂತ ಮೊದಲು ತಲುಪಿತು. ಅಂಪೈರ್ ಜಿಮ್ ಜಾಯ್ಸ್ ಔಟಿಲ್ಲ ಎಂದರು.

ಗಲರಾಗ ನಕ್ಕ. ವ್ಯಂಗ್ಯದ ನಗೆಯಲ್ಲ, ಸಣ್ಣ ಮುಗುಳ್ನಗೆ. ತಿರುಗಿ ತನ್ನ ಜಾಗಕ್ಕೆ ಹೋಗಿ ಮುಂದಿನ ದಾಂಡಿಗನಿಗೆ ಚೆಂಡೆಸೆದು ಆಟ ಮುಗಿಸಿದ. ಆಮೇಲೆ ಚಿತ್ರ ನೋಡಿದ ಜಾಯ್ಸ್ ತನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು, ಗಲರಾಗನಲ್ಲಿ ಕ್ಷಮೆ ಕೇಳಿದರು. ಮರುದಿನದ ಪಂದ್ಯಕ್ಕೆ ಮುಂಚೆ ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ಗಲರಾಗನೇ ಮೈದಾನಕ್ಕೆ ಬಂದ. ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಚಿತ್ರ ಇವತ್ತಿಗೂ ನೋಡಲು ಸಿಗುತ್ತದೆ. ಕುಸ್ತಿಯಲ್ಲಿ ಕೆಡವಿದವನನ್ನು ಎಬ್ಬಿಸುವುದು ಸುಲಭ, ಮೇಲಿರುವವನು ಕೈ ಚಾಚಿದರೆ ಆಯಿತು. ಇಲ್ಲಿ ಕೆಡವಲ್ಪಟ್ಟವನೇ ಕೈ ಚಾಚಿ ಕೆಡವಿದವನನ್ನು ಎಬ್ಬಿಸಿದ.

ಹೀಗೆಲ್ಲ ಹೇಳಿದರೆ ಮಕ್ಕಳು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ ಎಂದುಕೊಳ್ಳಬಾರದು. ಒಮ್ಮೆ ಕಿತ್ತೂರಿನ ಕೋಟೆಗೆ ಒಂಬತ್ತನೆಯ ಇಯತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಸತ್ತದ್ದು, ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕದ್ದು, ಯುದ್ಧ ನಿಲ್ಲಿಸುತ್ತೇವೆ ಎಂಬ ಮಾತಿನ ಮೇಲೆ ರಾಣಿ ಚನ್ನಮ್ಮ ಅವರನ್ನು ಬಿಟ್ಟುಕೊಟ್ಟದ್ದು, ಡಿಸೆಂಬರಿನಲ್ಲಿ ಇಂಗ್ಲಿಷರು ಮತ್ತೆ ಬಂದು ಕೋಟೆ ಹಿಡಿದದ್ದು, ಎಲ್ಲ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಮಾತ ಮುರಿಯಾವ್ರಂತ ಗೊತ್ತಿದ್ರ ಅವ್ವಾರು ಬಿಡತಿರಲಿಲ್ಲ, ಹೌದಿಲ್ರಿ ಸರ್ರ? ಬಿಟ್ಟಿದ್ದ ತಪ್ಪಾತಲ್ರಿ?"

ಯುದ್ಧ ಆಟವಲ್ಲ, ಅದರ ಲೆಕ್ಕ ಬೇರೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವಳು ಕೇಳಿದ್ದು ನನ್ನ ಮೂಲೆಯ ಹುಡುಗನ ಪ್ರಶ್ನೆಯನ್ನೇ. ಒಳ್ಳೆಯದು ಮಾಡಿದವರು ಸೋಲುತ್ತಾರಲ್ಲ, ಮತ್ತೆ ಯಾಕೆ ಮಾಡಬೇಕು? ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಮುಂದೆ ನಿಂತು ಯಾರೂ ನೀವು ತಪ್ಪು ಮಾಡಿದಿರಿ ಎನ್ನುವುದಿಲ್ಲ. ಮಾತು ಮುರಿದವರ ಹೆಸರನ್ನು ನಾವು ಪಾಠಕ್ಕಾಗಿ ನೆನಪಿಟ್ಟುಕೊಳ್ಳುತ್ತೇವೆ, ಚನ್ನಮ್ಮನ ಹೆಸರನ್ನು ಹೆಣ್ಣುಮಕ್ಕಳಿಗೆ ಇಟ್ಟುಕೊಳ್ಳುತ್ತೇವೆ. ಬಿಡುಗಡೆಯಾದ ಆ ವಾಲ್ಟರ್ ಎಲಿಯಟ್ ಮುಂದೆ ಕರ್ನಾಟಕದ ಊರೂರುಗಳ ನೂರಾರು ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ. ಅದಕ್ಕಾಗಿ ಬಿಟ್ಟರು ಎಂದಲ್ಲ, ಬಿಡುವಾಗ ಅದು ಯಾರಿಗೂ ಗೊತ್ತಿರಲಿಲ್ಲ. ಇಷ್ಟನ್ನು ಆ ಹುಡುಗಿಗೆ ಹೇಳಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಗದಿದ್ದದ್ದೇ ಒಳ್ಳೆಯದು ಎನಿಸಿತು. ಅಂಥ ಪ್ರಶ್ನೆ ಇಟ್ಟುಕೊಂಡೇ ಬೆಳೆಯಬೇಕು.

ಸೋಲು ಅಗ್ಗದ್ದು ಎಂದು ಮಕ್ಕಳಿಗೆ ನಾನೀಗ ಹೇಳುವುದಿಲ್ಲ. ಅದಕ್ಕೆ ಬೆಲೆಯಿದೆ, ನೋವಿದೆ. ಒಂದು ಕಾಯಿ ಹೋಗುತ್ತದೆ, ಒಂದು ಬೆಳಗಾವಿ ಹೋಗುತ್ತದೆ, ಕೆಲವು ಸಲ ಕೋಟೆಯೇ ಹೋಗುತ್ತದೆ. ಜೋಡಿ ಉಳಿಯುತ್ತಾನೆ ಎಂದಷ್ಟೇ ಹೇಳುತ್ತೇನೆ. ನಾಳೆ ಬೆಳಿಗ್ಗೆ ಮತ್ತೆ ಮಣ್ಣಿಗಿಳಿಯುವಾಗ ಎದುರಿಗೆ ಬಂದು ನಿಲ್ಲುವವನು ಅವನೇ.

ಈಗೀಗ ಮೈದಾನದ ಅಂಚಿನಲ್ಲಿ ಹುಡುಗರಿಗಿಂತ ದೊಡ್ಡವರದೇ ಗದ್ದಲ. ಅಪ್ಪಂದಿರು ಮೊಬೈಲು ಹಿಡಿದು, ಒಗೀ ಅಂವನ್ನ, ಮುರೀ ಅಂವನ ಕೈ ಎಂದು ಕೂಗುವುದನ್ನು ಸವದತ್ತಿ ಕಡೆಯ ಒಂದು ಶಾಲಾ ಕ್ರೀಡಾಕೂಟದಲ್ಲಿ ಕಿವಿಯಾರೆ ಕೇಳಿದೆ. ಯಾರ ಕೈ ಮುರಿಯಬೇಕು? ಆ ಕೈಗೂ ಬೆಳಿಗ್ಗೆ ಎಣ್ಣೆ ಹಚ್ಚಿ ಕಳಿಸಿದ ಅವ್ವ ಮಲಪ್ರಭೆಯ ಆಚೆ ದಂಡೆಯ ಊರಲ್ಲಿ ಕಾಯುತ್ತಿರುತ್ತಾಳೆ. ಹಾಗೆ ಕೂಗಿದ ತಂದೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಕೂಗಿದ್ದು ಅದಕ್ಕಿಂತ ದೊಡ್ಡದನ್ನೇ. ಹತ್ತಿರ ಹೋಗಿ ನಿಂತು, ಹುಡುಗರು ಛಲೋ ಆಡಾಕತ್ತಾರ ನೋಡ್ರಿ, ಆ ಕೆಂಪಂಗಿಯವನ ಕಾಲು ನೋಡ್ರಿ ಎಂಥಾ ಚುರುಕು, ಎಂದೆ. ಕೆಂಪಂಗಿಯವನು ಅವರ ಮಗನ ಜೋಡಿ. ಅವರು ಒಂದು ಕ್ಷಣ ನನ್ನನ್ನು, ಆಮೇಲೆ ಆ ಹುಡುಗನನ್ನು ನೋಡಿದರು. "ಹೌದ್ರೀ, ಚುರುಕದಾನ," ಎಂದರು. ಮತ್ತೆ ಕೂಗಲಿಲ್ಲವೆಂದಲ್ಲ. ಕೂಗಿದರು, ಆದರೆ ಮಗನ ಹೆಸರು ಹಿಡಿದು.

ನನ್ನ ಮೂಲೆಯ ಹುಡುಗ ಈಗ ಎಲ್ಲಿದ್ದಾನೋ. ಹತ್ತಿಯ ಸುಗ್ಗಿಯಲ್ಲಿ ಬೈಲಹೊಂಗಲದ ಪೇಟೆಗೆ ಹೋದಾಗಲೆಲ್ಲ ಗಾಡಿ ಇಳಿಸುವವರ, ತೂಕ ಹಾಕಿಸುವವರ ನಡುವೆ ಆ ಮುಖವನ್ನು ಹುಡುಕುತ್ತೇನೆ. ಅವನಿಗೀಗ ನಲವತ್ತು ದಾಟಿರಬೇಕು. ಸಿಕ್ಕರೆ ಹೇಳಬೇಕಾದ ಮಾತು ಸಣ್ಣದು. ಹೌದಪಾ, ತಾಗಿತ್ತು.

ಬೆಳಕು ಹರಿಯಿತು. ಮೂಡಲಲ್ಲಿ ಕರಿನೆಲದ ಮೇಲೆ ಒಂದು ಕೆಂಪು ಗೆರೆ. ಗರಡಿಯಲ್ಲಿ ಜೋರು ಮುಗಿದಿತ್ತು. ಕಾಲೇಜಿನ ಹುಡುಗ ಸಲಿಕೆ ಹಿಡಿದು ತುಳಿದ ಮಣ್ಣನ್ನು ಮತ್ತೆ ಮಗುಚುತ್ತಿದ್ದ. ಸಣ್ಣವರಿಬ್ಬರೂ ಹೊರಗೆ ಕಟ್ಟೆಯ ಹತ್ತಿರ ಕೊಡದ ನೀರಿಗೆ ಬಂದರು. ಬೆನ್ನಿಗಂಟಿದ ಮಣ್ಣು ತನಗೆ ತಾನೇ ತೊಳೆದುಕೊಳ್ಳಲು ಬರುವುದಿಲ್ಲ. ಒಬ್ಬ ಬಗ್ಗಿ ನಿಂತ, ಇನ್ನೊಬ್ಬ ಚೊಂಬಿನಿಂದ ನೀರು ಹೊಯ್ದು ಅಂಗೈಯಿಂದ ತಿಕ್ಕಿದ. ತಣ್ಣೀರಿಗೆ ಅವನು ಹುಯ್ಯೆಂದ. ಕೆಂಪು ನೀರು ಹರಿದು ಕರಿ ಮಣ್ಣಿಗೆ ಇಳಿಯಿತು.

"ಬಾ, ಈಗ ನೀ ಬಗ್ಗು," ಎಂದು ಮೊದಲಿನವನು ಚೊಂಬು ಇಸಿದುಕೊಂಡ.